ಕೊಕ್ಕೆಯನ್ನು ನೋಡಿದವರು

ಸೋಮವಾರ ಬೆಳಿಗ್ಗೆ 11.35ಕ್ಕೆ ಕನ್ನಡಕದ ಅಂಗಡಿಯ ಕೆಲಸಗಾರ ಠಾಣೆಗೆ ಓಡಿ ಬಂದ. ಇಪ್ಪತ್ತು ವರ್ಷಗಳಿಂದ ಅದೇ ಅಂಗಡಿಯ ಹಿಂಬದಿ ಕೋಣೆಯಲ್ಲಿ ಗಾಜು ಉಜ್ಜುತ್ತಿದ್ದ ಮನುಷ್ಯ. ಅಂಗಿಯ ಎದೆಯ ಮೇಲೆ ಗಾಜಿನ ಬಿಳಿ ಪುಡಿ, ಅದರ ಮೇಲೆ ರಕ್ತ. ಎರಡೂ ಸೇರಿ ಅಲ್ಲಲ್ಲಿ ಹೆಪ್ಪುಗಟ್ಟತೊಡಗಿದ್ದವು.

“ನಮ್ಮ ಯಜಮಾನ್ರಿಗೆ ಹೊಡೆದ್ಬಿಟ್ರು ಸಾರ್.”

“ಯಾರು ಹೊಡೆದಿದ್ದು?” ರೈಟರ್ ಪೆನ್ನಿನ ಮುಚ್ಚಳ ತೆಗೆದ.

“ಕೊಕ್ಕೆ ಸಾರ್. ಇಷ್ಟುದ್ದ ಕೊಕ್ಕೆ.”

“ಕೊಕ್ಕೆ ತಾನಾಗೇ ಬಂದು ಹೊಡೀತಾ? ಹಿಡ್ಕೊಂಡಿದ್ದೋನು ಯಾರು ಅಂತ ಕೇಳ್ತಿರೋದು.”

“ಗೊತ್ತಿಲ್ಲ ಸಾರ್. ಯಾವತ್ತೂ ನೋಡಿಲ್ಲ. ಕೊಕ್ಕೆ ಮಾತ್ರ ಹೊಳೀತಿತ್ತು.”

ರೈಟರ್ ದೂರು ಬರೆದುಕೊಂಡು ಓದಿ ಹೇಳಿ ಸಹಿ ಹಾಕಿಸಿಕೊಂಡ. ಅಪರಾಧ ಸಂಖ್ಯೆ 114, ಕೊಲೆಯತ್ನ. ಎಫ್‌ಐಆರ್‌ನ ಆರೋಪಿಯ ಕಾಲಂನಲ್ಲಿ ‘ಅಪರಿಚಿತ ವ್ಯಕ್ತಿ’ ಎಂದು ಬಿತ್ತು.

ಇನ್ಸ್‌ಪೆಕ್ಟರ್ 11.50ಕ್ಕೆ ಸ್ಥಳ ತಲುಪಿದಾಗ ಆಂಬ್ಯುಲೆನ್ಸ್ ಹೋಗಿಯಾಗಿತ್ತು. ಇಪ್ಪತ್ತಡಿ ಉದ್ದ, ಹತ್ತಡಿ ಅಗಲದ ಅಂಗಡಿ. ಎಡಗೋಡೆಯ ತುಂಬ ಕನ್ನಡಿ, ಅದರ ಮುಂದೆ ಸಾಲು ಸಾಲು ಫ್ರೇಮುಗಳು. ಬಲಕ್ಕೆ ಗಿರಾಕಿಗಳು ಕೂರುವ ಬೆಂಚು. ತುದಿಯಲ್ಲಿ ಕೌಂಟರ್, ಹಿಂದೆ ಗಾಜು ಉಜ್ಜುವ ಕೋಣೆಯ ತೆರೆದ ಬಾಗಿಲು. ಕೌಂಟರಿನ ಮೇಲೆ ದೊಡ್ಡದರಿಂದ ಚಿಕ್ಕದಕ್ಕೆ ಇಳಿಯುವ ಅಕ್ಷರಗಳ ದೀಪದ ಪೆಟ್ಟಿಗೆ ಇನ್ನೂ ಉರಿಯುತ್ತಿತ್ತು. ಬೆಂಚಿನಿಂದ ಕೌಂಟರಿಗೆ ಟೇಪು ಹಿಡಿದರೆ ಹನ್ನೆರಡಡಿ. ಹಾಡಹಗಲು, ಬಾಗಿಲು ತೆರೆದಿತ್ತು, ನಡುವೆ ಅಡ್ಡ ಏನೂ ಇರಲಿಲ್ಲ.

ಕೌಂಟರಿನ ಕೆಳಗೆ ಕೊಕ್ಕೆ ಬಿದ್ದಿತ್ತು. ಗೋದಾಮಿನ ಹಮಾಲಿಗಳು ಮೂಟೆಗೆ ಚುಚ್ಚಿ ಎಳೆಯುವ ಕೈಗೊಕ್ಕೆ. ಅಡ್ಡ ಮರದ ಹಿಡಿ, ಅದರ ನಡುವಿನಿಂದ ಹೊರಟು ಬಾಗಿದ ಕಬ್ಬಿಣ, ಉಜ್ಜಿ ಉಜ್ಜಿ ಬೆಳ್ಳಗಾದ ಮೊನೆ. ಹಿಡಿಯ ಮೇಲೆ ಸುಟ್ಟು ಹಾಕಿದ ಮೂರು ಗೆರೆ. 12.10ಕ್ಕೆ ಪಂಚರನ್ನು ಕರೆದು ಪಂಚನಾಮೆ ಶುರು ಮಾಡಿ 1.15ಕ್ಕೆ ಮುಗಿಸಿದರು. ಆ ಹೊತ್ತಿಗೆ ದಫೇದಾರ್ ಸಾಕ್ಷಿಗಳ ಹೇಳಿಕೆ ಪಡೆದಿದ್ದ. ಗಾಜು ಉಜ್ಜುವವನು, ಒಬ್ಬ ಸ್ಕೂಲ್ ಮೇಷ್ಟ್ರು, ಒಬ್ಬ ಬಸ್ ಕಂಡಕ್ಟರ್, ಒಬ್ಬಾಕೆ ಬಟ್ಟೆ ಹೊಲಿಯುವ ಹೆಂಗಸು. ನಾಲ್ವರು.

“ಎಲ್ಲಾ ಕಣ್ಣು ತೋರಿಸೋಕೆ ಬಂದೋರೇ ಸಾರ್. ಸಾಕ್ಷಿ ಸಿಕ್ಕಿದ್ರೆ ಇಂಥೋರು ಸಿಗಬೇಕು,” ಎಂದ ದಫೇದಾರ್. ಇಪ್ಪತ್ತೆಂಟು ವರ್ಷ ಸರ್ವೀಸಾದ ಮನುಷ್ಯ. ಹೆಣದ ಮುಂದೆ ನಿಂತೂ ಒಂದು ಚಟಾಕಿ ಹಾರಿಸಬಲ್ಲ.

“ಮೂವರಿಗೂ ದೂರದ್ದು ಕಾಣುತ್ತಾ?”

“ಮೇಷ್ಟ್ರು ಕನ್ನಡಕ ಹಾಕ್ಕೊಂಡೇ ಇದ್ರು. ಮಿಕ್ಕವರು ಚೆನ್ನಾಗಿ ಕಾಣುತ್ತೆ ಅಂತಾರೆ. ಕೊಕ್ಕೆ ವಿಚಾರ ಕೇಳಿ ಸಾರ್, ಪಟಪಟ ಹೇಳ್ತಾರೆ.”

ಕೊಕ್ಕೆಯ ಜಾಡು ಹಿಡಿಯುವುದು ಕಷ್ಟವಾಗಲಿಲ್ಲ. ಮಂಗಳವಾರ 9.30ಕ್ಕೆ ಮೂರನೇ ಬೀದಿಯ ಗೋದಾಮಿನಲ್ಲಿ ಹಮಾಲಿಗಳ ಮೇಸ್ತ್ರಿ ಆ ಮೂರು ಗೆರೆ ಕಂಡವನೇ “ಇದು ನಮ್ಮ ಗೂಳೀದು” ಎಂದ. ಪ್ರತಿಯೊಬ್ಬ ಹಮಾಲಿಯೂ ತನ್ನ ಕೊಕ್ಕೆಯ ಹಿಡಿಗೆ ಗುರುತು ಸುಟ್ಟುಕೊಳ್ಳುವುದು ಅಲ್ಲಿಯ ಪದ್ಧತಿ. ಗೂಳಿ ಎಂದರೆ ಹೆಗಲ ಅಗಲಕ್ಕೆ ಬಿದ್ದ ಹೆಸರು, ಮನುಷ್ಯ ಮೆತ್ತಗಿನವನು.

“ಕೊಕ್ಕೆ ನಂದೇ ಸಾರ್,” ಎಂದ ಗೂಳಿ. “ಆದ್ರೆ ಕಳೆದ್ಹೋಗಿತ್ತು.”

“ಸೋಮವಾರ ಹನ್ನೊಂದು ಇಪ್ಪತ್ತಕ್ಕೆ ಎಲ್ಲಿದ್ದೆ?”

“ಲಾರಿ ಬರೋದು ತಡ ಆಯ್ತು. ಹಿಂದುಗಡೆ ಖಾಲಿ ಚೀಲದ ಮೇಲೆ ಮಲಗಿದ್ದೆ.”

“ಯಾರು ನೋಡಿದ್ರು?”

“ಮಲಗಿದ್ದೆ ಸಾರ್. ಯಾರು ನೋಡಿದ್ರು ಅಂತ ನಂಗೆ ಹೇಗೆ ಗೊತ್ತಾಗುತ್ತೆ?”

ಹತ್ತು ದಿನದ ಹಿಂದೆ ಮಗಳಿಗೆ ಮಾಡಿಸಿದ ಕನ್ನಡಕ ಹಾಕಿದರೆ ತಲೆನೋವು ಬರುತ್ತದೆಂದು ಅವನು ಅದೇ ಅಂಗಡಿಯ ಮುಂದೆ ನಿಂತು ಕೂಗಾಡಿದ್ದ. ಅಷ್ಟು ಸಾಕಾಯಿತು. 10.40ಕ್ಕೆ ದಸ್ತಗಿರಿ. ಮಧ್ಯಾಹ್ನ ನ್ಯಾಯಾಲಯ ಶನಿವಾರದವರೆಗೆ ಪೊಲೀಸ್ ಕಸ್ಟಡಿಗೆ ಕೊಟ್ಟಿತು. ಬುಧವಾರ ದಂಡಾಧಿಕಾರಿಗಳ ಮುಂದೆ ಗುರುತು ಪರೇಡ್ ನಡೆಯಿತು. ಎಂಟು ಜನರ ಸಾಲಿನಲ್ಲಿ ಏಳು ಮಂದಿ ಕೋರ್ಟಿನ ಆಸುಪಾಸಿನ ಗುಮಾಸ್ತರು, ಅಂಗಡಿಯವರು. ಹಮಾಲಿಯ ಹೆಗಲಿದ್ದವನು ಒಬ್ಬನೇ. ಮೇಷ್ಟ್ರು, ಹೊಲಿಗೆಯವಳು, ಗಾಜು ಉಜ್ಜುವವನು ಮೂವರೂ ಗೂಳಿಯ ಮುಂದೆ ನಿಂತರು. ಕಂಡಕ್ಟರ್ ಮಾತ್ರ ಎರಡು ಸಲ ಸಾಲು ಸುತ್ತಿ, ತಲೆ ಆಡಿಸಿ ಹೊರಗೆ ಬಂದ.

ಅದೇ ಸಂಜೆ 6.10ಕ್ಕೆ ಕನ್ನಡಕದಂಗಡಿಯ ಯಜಮಾನರು ಆಸ್ಪತ್ರೆಯಲ್ಲಿ ತೀರಿಕೊಂಡರು. ಒಂದು ಮಾತೂ ಆಡಿರಲಿಲ್ಲ. ಕೊಲೆಯತ್ನದ ಕಲಂ ಹೋಗಿ ಕೊಲೆಯ ಕಲಂ ಬಂತು.

“ಇನ್ನೇನ್ರೀ,” ಎಂದರು ಮೇಲಧಿಕಾರಿ ಫೋನಿನಲ್ಲಿ. “ಆಯುಧ ಇದೆ, ಜಗಳ ಇದೆ, ಮೂರು ಜನ ಕಣ್ಣಾರೆ ಕಂಡೋರಿದ್ದಾರೆ. ಶನಿವಾರ ಜೈಲಿಗೆ ಕಳಿಸಿ, ಚಾರ್ಜ್‌ಶೀಟ್ ತಯಾರು ಮಾಡಿ.”

“ಆಗ್ಲಿ ಸಾರ್.”

ಗೂಳಿಯ ಹೆಂಡತಿ ಮಂಗಳವಾರದಿಂದ ಠಾಣೆಯ ಮೆಟ್ಟಿಲ ಮೇಲೆ ಕೂತಿದ್ದಳು. ಬೆಳಿಗ್ಗೆ ಎರಡು ಆಫೀಸುಗಳ ಕಸ ಗುಡಿಸಿ ಬಂದು ಕೂರುವಳು, ಮಕ್ಕಳು ಶಾಲೆಯಿಂದ ಬರುವ ಹೊತ್ತಿಗೆ ಎದ್ದು ಹೋಗುವಳು. ಅಳುತ್ತಿರಲಿಲ್ಲ. ಇನ್ಸ್‌ಪೆಕ್ಟರ್ ಒಳಗೆ ಹೋಗುವಾಗಲೂ ಹೊರಗೆ ಬರುವಾಗಲೂ ಎದ್ದು ನಿಲ್ಲುತ್ತಿದ್ದಳು, ಅಷ್ಟೇ. ಅದೇ ಕಷ್ಟವಾಗಿತ್ತು. ಅಳುವವರಿಗೆ ಹೇಳಲು ಒಂದಿಷ್ಟು ಮಾತುಗಳಿರುತ್ತವೆ.

ಗುರುವಾರ ಬೆಳಿಗ್ಗೆ ಹತ್ತರ ಸುಮಾರಿಗೆ ಯಾರೋ ಒಬ್ಬ ಠಾಣೆಯೊಳಗೆ ಬಂದು ರೈಟರನ ಮೇಜಿನ ಮೇಲೆ ಪೇಪರ್ ಸುತ್ತಿದ ಒಂದು ವಸ್ತುವನ್ನಿಟ್ಟು, “ಚರಂಡೀಲಿ ಸಿಕ್ತು ಸಾರ್,” ಎಂದ. ರೈಟರ್ ಪೇಪರ್ ಬಿಚ್ಚಿದ. ಒಂದು ಕೈ. ಮೊಣಕೈಗಿಂತ ಸ್ವಲ್ಪ ಮೇಲಿನವರೆಗೆ, ಉಗುರಿಗೆ ಬಣ್ಣ ಹಚ್ಚಿದ ಹೆಣ್ಣಿನ ಕೈ. ರೈಟರ್ ಕುರ್ಚಿ ಸಮೇತ ಹಿಂದಕ್ಕೆ ಬಿದ್ದ. ದಿನಚರಿಯ ಮೇಲೆಲ್ಲ ಚಹಾ ಚೆಲ್ಲಿತು. ದಫೇದಾರ್ ಓಡಿ ಬಂದು ಲಾಠಿಯ ತುದಿಯಿಂದ ತಿವಿದು ನೋಡಿದ. ಟಕ್ ಎಂದಿತು. ಬಟ್ಟೆ ಅಂಗಡಿಯ ಗಾಜಿನ ಹಿಂದೆ ಸೀರೆ ಉಡಿಸಿ ನಿಲ್ಲಿಸುವ ಗೊಂಬೆಯ ಕೈ.

ಠಾಣೆಗೆ ಠಾಣೆಯೇ ನಕ್ಕಿತು. ಮೂರು ದಿನದಿಂದ ಬಿಗಿಹಿಡಿದಿದ್ದ ನಗು. ತಂದವನೂ ನಗುತ್ತಾ ಹೊರಟು ಹೋದ.

“ಅವನ ಹೆಸರು, ವಿಳಾಸ ಬರ್ಕೊಂಡ್ರಾ?” ಇನ್ಸ್‌ಪೆಕ್ಟರ್ ಕೇಳಿದರು.

ರೈಟರ್ ನಾಲಿಗೆ ಕಚ್ಚಿಕೊಂಡ. “ಮರೆತೇಬಿಟ್ಟೆ ಸಾರ್. ಕರ್ಕೊಂಡು ಬರೋಕೆ ಹೇಳ್ತೀನಿ. ವಯಸ್ಸಾದೋರು, ಬಿಳಿ ಅಂಗಿ.”

“ಎಲ್ಲಿ ವಯಸ್ಸಾದೋರು?” ದಫೇದಾರ್ ತಡೆದ. “ಮೂವತ್ತು ಇರಬಹುದು ಅಷ್ಟೇ. ಮೀಸೆ ಇತ್ತಲ್ಲಯ್ಯ.”

“ಮೀಸೆ ಇರಲಿಲ್ಲ,” ಎಂದ ಬಾಗಿಲ ಪಹರೆಯವನು. “ಟೋಪಿ ಹಾಕ್ಕೊಂಡಿದ್ದ.”

“ಟೋಪಿನಾ? ನಿನ್ನ ತಲೆ!”

ಮೂವರೂ ಜಗಳಕ್ಕೇ ಬಿದ್ದರು. ಇನ್ಸ್‌ಪೆಕ್ಟರ್ ಕೈಯನ್ನು ಮತ್ತೆ ಪೇಪರಿನಲ್ಲಿ ಮುಚ್ಚಿಟ್ಟು ಕೇಳಿದರು, “ಕೈ ಹೇಗಿತ್ತು?”

ಅದರಲ್ಲಿ ಭಿನ್ನಾಭಿಪ್ರಾಯ ಇರಲಿಲ್ಲ. ಎಡಗೈ. ಕಿರುಬೆರಳ ತುದಿ ಮುರಿದಿದೆ. ಉಗುರಿಗೆ ಕಡುಗೆಂಪು. ಮಣಿಕಟ್ಟಿನ ಹತ್ತಿರ ಬಣ್ಣ ಎದ್ದು ಒಳಗಿನ ಬಿಳುಪು ಕಾಣುತ್ತದೆ. ಬಾಗಿಲಲ್ಲಿ ನಿಂತಿದ್ದವನೂ ಕಿರುಬೆರಳನ್ನು ಗಮನಿಸಿದ್ದ.

“ಮೂರು ಜನ ಪೊಲೀಸರು,” ಎಂದರು ಇನ್ಸ್‌ಪೆಕ್ಟರ್. “ಮನುಷ್ಯ ಹೋಗಿ ಐದು ನಿಮಿಷ ಆಗಿಲ್ಲ.”

ಇನ್ಸ್‌ಪೆಕ್ಟರರ ನಗು ಅಲ್ಲಿಗೇ ನಿಂತಿತ್ತು. ತಮ್ಮ ಕೋಣೆಗೆ ಹೋಗಿ 114ರ ಕಡತ ತೆಗೆದು, ನಾಲ್ಕೂ ಹೇಳಿಕೆಗಳನ್ನು ಪೆನ್ಸಿಲ್ ಹಿಡಿದು ಓದಿದರು. ಮೇಷ್ಟ್ರ ಹೇಳಿಕೆಯಲ್ಲಿ ಕೊಕ್ಕೆಗೆ ಹನ್ನೊಂದು ಸಾಲು: ಮೊನೆಯ ಬಾಗು, ಹೊಳಪು, ಹಿಡಿಯ ಬಣ್ಣ. ಮುಖಕ್ಕೆ ಒಂದೇ ಸಾಲು, ‘ಸಾಧಾರಣ ಮೈಕಟ್ಟಿನ ವ್ಯಕ್ತಿ’. ಹೊಲಿಗೆಯವಳು ಕೊಕ್ಕೆಯ ಚಿತ್ರವನ್ನೇ ಬರೆದುಕೊಟ್ಟಿದ್ದಳು, ಅಳತೆಯಲ್ಲಿ ಅರ್ಧ ಇಂಚೂ ತಪ್ಪಿರಲಿಲ್ಲ. ಅಂಗಿಯ ಬಣ್ಣ ಒಬ್ಬರಿಗೆ ನೀಲಿ, ಇನ್ನೊಬ್ಬರಿಗೆ ಬೂದು. ಯಾರೂ ಸುಳ್ಳು ಹೇಳುತ್ತಿರಲಿಲ್ಲ. ಎಲ್ಲರ ಕಣ್ಣೂ ಹನ್ನೆರಡಡಿ ದೂರದ ಒಂದೇ ಮೊನೆಗೆ ಸಿಕ್ಕಿಕೊಂಡಿದ್ದವು.

11.20ಕ್ಕೆ ಅವರು ದಫೇದಾರನ ಜೊತೆ ಕನ್ನಡಕದ ಅಂಗಡಿಯಲ್ಲಿದ್ದರು. ಗಾಜು ಉಜ್ಜುವವನು ಬೀಗ ತೆಗೆದ.

“ಗೂಳಿ ಹತ್ತು ದಿನದ ಹಿಂದೆ ಇಲ್ಲೇ ನಿಂತು ಕೂಗಾಡಿದ್ನಾ?”

“ಹೌದು ಸಾರ್. ನಾನೇ ಸಮಾಧಾನ ಮಾಡಿ ಕಳಿಸಿದ್ದು.”

“ಹತ್ತಿರದಿಂದ ನೋಡಿದ್ದೀರಿ ಹಾಗಾದ್ರೆ.”

“ಹೌದು.”

“ಸೋಮವಾರ ದೂರು ಕೊಡೋವಾಗ ‘ಯಾವತ್ತೂ ನೋಡಿಲ್ಲ’ ಅಂದ್ರಲ್ಲ?”

ಅವನು ಕೈಯಲ್ಲಿದ್ದ ಬೀಗವನ್ನು ಕೌಂಟರಿನ ಮೇಲಿಟ್ಟ.

“ಬುಧವಾರ ಹೇಗೆ ಗುರುತು ಸಿಕ್ತು?”

“ಕೊಕ್ಕೆ ಗೂಳೀದು ಅಂತ ಎಲ್ಲಾ ಮಾತಾಡ್ಕೊಂಡ್ರಲ್ಲ ಸಾರ್... ಆಮೇಲೆ ನೆನಪು ಮಾಡ್ಕೊಂಡ್ರೆ ಅವನ ಮುಖಾನೇ ಬಂತು.” ಕೌಂಟರಿನ ಅಂಚು ಹಿಡಿದುಕೊಂಡ. “ನಾನು ಸುಳ್ಳು ಹೇಳ್ಲಿಲ್ಲ ಸಾರ್. ಯಜಮಾನ್ರಾಣೆ.”

“ಗೊತ್ತು. ಕೂತ್ಕೊಳ್ಳಿ. ನೀರು ಕುಡೀರಿ.”

ಕೌಂಟರಿನ ಪಕ್ಕದಲ್ಲಿ ಮೊಳೆ ಹೊಡೆದ ಒಂದು ಹಲಗೆಯಿತ್ತು. ಬಂದವರು ಅದರಿಂದ ನಂಬರಿನ ತಗಡು ತೆಗೆದುಕೊಂಡು ಬೆಂಚಿನ ಮೇಲೆ ಕೂರುವುದು, ಕಣ್ಣು ತೋರಿಸಿ ಹೋಗುವಾಗ ಮರಳಿ ನೇತುಹಾಕುವುದು. ಒಂದರಿಂದ ಮೂರರವರೆಗಿನ ತಗಡುಗಳು ಬೆಂಚಿನ ಮೇಲೆ ಸಿಕ್ಕಿದ್ದವೆಂದು ಪಂಚನಾಮೆಯಲ್ಲೇ ಇತ್ತು. ಐದರಿಂದ ಮುಂದಿನವು ಮೊಳೆಗಳಲ್ಲಿದ್ದವು. ನಾಲ್ಕನೆಯ ಮೊಳೆ ಖಾಲಿ.

“ನಾಲ್ಕು ಯಾರ ಹತ್ರ ಇದೆ?”

ಗಾಜು ಉಜ್ಜುವವನು ಯಜಮಾನರ ಪುಸ್ತಕ ತೆರೆದ. ಸೋಮವಾರದ ಪುಟದಲ್ಲಿ ಅವರ ಸಣ್ಣ ಅಕ್ಷರ: ‘4. ದಬ್ಬಣದ ಅಜ್ಜಿ. ಹತ್ತಿರದ ಕಣ್ಣು.’

ಇನ್ಸ್‌ಪೆಕ್ಟರ್ ದಫೇದಾರನ ಕಡೆ ತಿರುಗಿದರು. ಅವನ ಚಟಾಕಿಗಳೆಲ್ಲ ಎಲ್ಲೋ ಹೋಗಿದ್ದವು.

“ಒಂದು ಮುದುಕಿ ಇತ್ತು ಸಾರ್. ಏನಜ್ಜಿ ನೋಡ್ದೆ ಅಂದ್ರೆ ‘ನಂಗೆ ಕಣ್ಣು ಕಾಣಲ್ಲಪ್ಪ, ಅದಕ್ಕೇ ಬಂದಿದ್ದು’ ಅಂತು. ಮನೆಗೆ ಹೋಗಜ್ಜಿ ಅಂದೆ.”

ದಬ್ಬಣದ ಅಜ್ಜಿ ಅದೇ ಗೋದಾಮಿನ ಹಿಂದಿನ ತಗಡಿನ ಚಾವಣಿಯ ಕೆಳಗೆ ಹರಿದ ಗೋಣಿಚೀಲ ಹೊಲಿಯುತ್ತಾ ಕೂತಿದ್ದಳು. ಅರವತ್ತೈದು ದಾಟಿದವಳು. ಸುತ್ತ ಚೀಲದ ಗುಡ್ಡೆ, ಗಾಳಿಯಲ್ಲಿ ಸೆಣಬಿನ ಎಳೆ. ದಬ್ಬಣವನ್ನು ತೋಳುದ್ದ ದೂರ ಹಿಡಿದು ದಾರ ಪೋಣಿಸಲು ಹೆಣಗುತ್ತಿದ್ದಳು. ದಫೇದಾರ್ ಕೈಗೆ ತೆಗೆದುಕೊಂಡು ಪೋಣಿಸಿ ಕೊಟ್ಟ.

“ಬದುಕ್ಕೊಳ್ಳಪ್ಪ. ಇಷ್ಟಾದ್ರೂ ಉಪಯೋಗಕ್ಕೆ ಬಂದ್ಯಲ್ಲ.”

“ಅಜ್ಜಿ, ಸೋಮವಾರ ನೀವು ಅಂಗಡೀಲಿ ಇದ್ರಿ,” ಎಂದರು ಇನ್ಸ್‌ಪೆಕ್ಟರ್, ಒಂದು ಚೀಲದ ಕಟ್ಟಿನ ಮೇಲೆ ಕೂರುತ್ತಾ.

“ಇದ್ದೆ. ಈ ಪೊಲೀಸಪ್ಪ ಹೋಗು ಅಂದ, ಬಂದೆ. ಮಂಗಳವಾರ ನಮ್ಮ ಗೂಳೀನ ಹಿಡ್ಕೊಂಡು ಹೋದ್ರು ಅಂದ ತಕ್ಷಣ ಠಾಣೆಗೂ ಬಂದಿದ್ದೆ. ನಾನು ನೋಡಿದೀನಿ ಕಣ್ರಪ್ಪ ಅಂದೆ. ಬಾಗಿಲಲ್ಲಿ ನಿಂತೋನು ಒಳಗೆ ಹೋಗಿ ಇವರನ್ನ ಕೇಳ್ದ. ‘ಅದಕ್ಕೆ ಕಣ್ಣು ಕಾಣಲ್ಲ, ಕಳಿಸು’ ಅಂತ ಒಳಗಿಂದ ಕೇಳಿಸ್ತು. ಕಿವಿ ಚೆನ್ನಾಗೇ ಇದೆ ನಂಗೆ.”

ದಫೇದಾರ್ ನೆಲ ನೋಡಿದ.

“ಕಣ್ಣು ಕಾಣಲ್ಲ ಅಂತ ನೀವೇ ಅಂದ್ರಂತೆ.”

“ದಬ್ಬಣದ ತೂತು ಕಾಣಲ್ಲ. ಹತ್ತಿರದ್ದು ಕಾಣಲ್ಲ. ಅಗೋ ಆ ಲಾರಿ ಮೇಲೆ ಕೂತಿದೆಯಲ್ಲ ಕಾಗೆ, ಅದರ ಬಾಯಲ್ಲಿರೋದು ತೆಂಗಿನ ನಾರು. ನಿಮಗೆ ಕಾಣ್ತಿದ್ಯಾ?”

ಇನ್ಸ್‌ಪೆಕ್ಟರಿಗೆ ಕಾಗೆಯೇ ಸರಿಯಾಗಿ ಕಾಣುತ್ತಿರಲಿಲ್ಲ.

“ಅವನು ಕೊಕ್ಕೆ ಹಿಡ್ಕೊಂಡು ಬಂದಾಗ ಭಯ ಆಗ್ಲಿಲ್ವಾ?”

“ಕೊಕ್ಕೆಗೆ ಯಾಕಪ್ಪ ಭಯ? ದಿನಾ ನಲವತ್ತು ಕೊಕ್ಕೆ ನನ್ನ ಮುಂದೇನೇ ಓಡಾಡ್ತವೆ. ನಮ್ಮ ಗೋದಾಮಿನೋನು ಯಾವನೋ ಬಂದ, ಮಾತಾಡಿಸೋಣ ಅಂತ ಮುಖ ನೋಡ್ದೆ. ನಮ್ಮೋನಲ್ಲ. ಹಮಾಲೀನೇ ಅಲ್ಲ.”

“ಅದು ಹೇಗೆ ಗೊತ್ತಾಯ್ತು?”

ಅಜ್ಜಿ ಹಾದು ಹೋಗುತ್ತಿದ್ದ ಹಮಾಲಿಯೊಬ್ಬನ ಕೊಕ್ಕೆ ಇಸಿದುಕೊಂಡು ದಫೇದಾರನ ಕೈಗೆ ಕೊಟ್ಟಳು. “ಹಿಡೀ.” ಅವನು ಕುಡುಗೋಲು ಹಿಡಿದಂತೆ ಹಿಡಿಯ ಒಂದು ತುದಿಯನ್ನು ಮುಷ್ಟಿಯಲ್ಲಿ ಹಿಡಿದ. “ನೋಡಿ, ಹೀಗೇ ಹಿಡಿದಿದ್ದ. ಹೀಗೆ ಹಿಡಿದು ಒಂದು ಮೂಟೆ ಎಳೆದ್ರೆ ಮಣಿಕಟ್ಟು ತಿರುಗಿ ಹೋಗುತ್ತೆ. ಹಮಾಲಿಗಳು ಕಬ್ಬಿಣಾನ ಎರಡು ಬೆರಳ ಸಂದೀಲಿ ತೂರಿಸಿ ಹಿಡೀತಾರೆ. ನಿದ್ದೇಲಿ ಕೊಟ್ರೂ ಹಾಗೇ ಹಿಡೀತಾರೆ.”

ಹಮಾಲಿ ಕೊಕ್ಕೆ ಮರಳಿ ತೆಗೆದುಕೊಂಡ. ಕಬ್ಬಿಣ ತಾನಾಗಿಯೇ ಅವನ ಬೆರಳ ಸಂದಿಗೆ ಹೋಗಿ ಕೂತಿತು.

“ಮುಖ ಹೇಗಿತ್ತಜ್ಜಿ?”

“ಮೂವತ್ತರ ಮೇಲೆ. ಸಣ್ಣ ಮುಖ, ಗದ್ದದ ಮಧ್ಯ ಗುಳಿ. ಮೂಗಿನ ಎರಡೂ ಕಡೆ ಕನ್ನಡಕ ಕೂತು ಕೂತು ಬಿದ್ದ ಗುರುತು. ಆದ್ರೆ ಕನ್ನಡಕ ಇರಲಿಲ್ಲ. ಕಣ್ಣು ಕಿರಿದು ಮಾಡಿ ಬೆಂಚಿನ ಮೇಲಿದ್ದೋರನ್ನೆಲ್ಲ ಬಗ್ಗಿ ಬಗ್ಗಿ ನೋಡಿ ಆಮೇಲೆ ಕೌಂಟರಿಗೆ ಹೋದ. ಮತ್ತೆ ಈ ಕಿವಿ ಮೇಲೆ,” ಬಲಗಿವಿ ಮುಟ್ಟಿಕೊಂಡಳು, “ಕೆಂಪು ಪೆನ್ಸಿಲ್. ಬರೆಯೋರದ್ದಲ್ಲ, ಚಪ್ಪಟೆ.”

“ಬಡಗಿ ಪೆನ್ಸಿಲ್,” ಎಂದ ದಫೇದಾರ್.

“ಏನಾದ್ರೂ ಮಾತಾಡಿದ್ನಾ?”

“ಯಜಮಾನ್ರ ಹತ್ರ ಮೆತ್ತಗೆ ಏನೋ ಕೇಳ್ದ. ಫ್ಯಾನಿನ ಸದ್ದಲ್ಲಿ ಗೊತ್ತಾಗ್ಲಿಲ್ಲ. ಆಮೇಲೆ ಹೊಡೆದ.” ಅಜ್ಜಿ ದಬ್ಬಣವನ್ನು ಚೀಲಕ್ಕೆ ಚುಚ್ಚಿಟ್ಟಳು. “ಒಳ್ಳೇ ಮನುಷ್ಯ. ನನಗೆ ಕನ್ನಡಕ ಹಾಕಿದ್ರೆ ಮದುವೆ ಹೆಣ್ಣಿನ ಹಾಗೆ ಕಾಣ್ತೀರಿ ಅಂತಿದ್ರು.”

ಮೇಸ್ತ್ರಿಯನ್ನು ಕರೆಸಿದರು.

“ಈ ತಿಂಗಳು ಗೋದಾಮಿಗೆ ಬಡಗಿ ಬಂದಿದ್ನಾ?”

“ಹೋದ ತಿಂಗಳ ಕೊನೇಲಿ ಬಂದಿದ್ದ ಸಾರ್, ಮೂಟೆ ಜೋಡಿಸೋ ಹಲಗೆ ರಿಪೇರಿಗೆ. ದಪ್ಪ ಗಾಜಿನ ಕನ್ನಡಕ. ಮಾತೇ ಆಡ್ತಿರಲಿಲ್ಲ. ಮೂರು ದಿನ ಒಳಗಡೆನೇ ಕೆಲಸ ಮಾಡ್ದ, ಅಜ್ಜಿ ಕಡೆ ಬಂದೋನಲ್ಲ.”

“ಗೂಳಿ ಕೊಕ್ಕೆ ಯಾವಾಗ ಕಳೀತು?”

ಮೇಸ್ತ್ರಿ ಯೋಚಿಸಿದ. “ಅದೇ ವಾರ. ನನ್ನ ಕೊಕ್ಕೆ ಯಾವನು ಎತ್ತಿದ್ದು ಅಂತ ದೊಡ್ಡ ರಾದ್ಧಾಂತ ಮಾಡಿದ್ದ.”

“ಮಂಗಳವಾರ ಯಾಕ್ರೀ ಹೇಳಲಿಲ್ಲ ಇದನ್ನ?”

“ನೀವು ಕೇಳಿದ್ದು ಕೊಕ್ಕೆ ಯಾರದ್ದು ಅಂತ ಸಾರ್. ಕಳೆದಿತ್ತಾ ಅಂತ ಯಾರು ಕೇಳಿದ್ರು?”

ಇನ್ಸ್‌ಪೆಕ್ಟರ್ ಬಡಗಿಯ ವಿಳಾಸ ಬರೆದುಕೊಂಡರು.

ಶುಕ್ರವಾರ ಬೆಳಿಗ್ಗೆ 8.20. ಒಂದು ಸಂದಿಯ ಕೊನೆಯಲ್ಲಿದ್ದ ಮರಗೆಲಸದ ಶೆಡ್ಡು. ಬಡಗಿ ಶಾಲೆಯ ಡೆಸ್ಕಿಗೆ ಹತ್ತರಿ ಹೊಡೆಯುತ್ತಿದ್ದ. ಕಾಲ ಬುಡದಲ್ಲಿ ಮರದ ಸುರುಳಿಗಳು. ದಪ್ಪ ಕನ್ನಡಕದೊಳಗಿಂದ ಪೊಲೀಸರನ್ನು ನೋಡಿ, ಹತ್ತರಿಯನ್ನು ಮಗ್ಗುಲಾಗಿ ಮಲಗಿಸಿದ.

“ಬರ್ತೀನಿ ಸಾರ್. ಅಂಟಿನ ಡಬ್ಬಿ ಮುಚ್ಚಿಬಿಡ್ತೀನಿ. ಇಲ್ದಿದ್ರೆ ಗಟ್ಟಿಯಾಗುತ್ತೆ.”

ಮುಚ್ಚಳವನ್ನು ಅಂಗೈಯಿಂದ ಎರಡು ಸಲ ತಟ್ಟಿ ಮುಚ್ಚಿದ. ಪಂಚರ ಸಮಕ್ಷಮ ಹೊಟ್ಟಿನ ರಾಶಿಯೊಳಗಿಂದ ರಕ್ತದ ಕಲೆಯಿದ್ದ ಒಂದು ಹಸಿರು ಅಂಗಿಯನ್ನು ಅವನೇ ತೆಗೆದುಕೊಟ್ಟು, ಹೊಡೆದದ್ದು ತಾನೇ ಎಂದ. ನೀಲಿಯೂ ಅಲ್ಲ, ಬೂದೂ ಅಲ್ಲ. 9.05ಕ್ಕೆ ದಸ್ತಗಿರಿ.

ಮಧ್ಯಾಹ್ನ ಮತ್ತೆ ಪರೇಡ್. ಈ ಬಾರಿ ಇನ್ಸ್‌ಪೆಕ್ಟರ್ ತಾವೇ ಊರೆಲ್ಲ ಹುಡುಕಿಸಿ ಕನ್ನಡಕ ಹಾಕುವ, ಸಣ್ಣ ಮುಖದ, ಅದೇ ವಯಸ್ಸಿನ ಒಂಬತ್ತು ಜನರನ್ನು ತರಿಸಿ, ಕನ್ನಡಕ ತೆಗೆಸಿ, ಬಡಗಿಯ ಜೊತೆ ನಿಲ್ಲಿಸುವಂತೆ ದಂಡಾಧಿಕಾರಿಗಳಲ್ಲಿ ಕೇಳಿಕೊಂಡಿದ್ದರು. ಅಜ್ಜಿ ದೂರದಲ್ಲೇ ನಿಂತು, “ಹತ್ತಿರ ಹೋದ್ರೆ ನಂಗೆ ಮಸುಕು,” ಎಂದು ಎಡದಿಂದ ಆರನೆಯವನಿಗೆ ಬೆರಳು ತೋರಿಸಿದಳು. ಸ್ಥಳ ಬದಲಿಸಿ ಮತ್ತೊಮ್ಮೆ ನಿಲ್ಲಿಸಿದರು. ಮತ್ತೆ ಅವನನ್ನೇ.

ಮೇಷ್ಟ್ರಿಗೂ ತೋರಿಸಿದರು. ಅವರು ಹತ್ತೂ ಮುಖಗಳನ್ನು ಎರಡು ಸಲ ನೋಡಿ ಬಂದು ತಗ್ಗಿದ ದನಿಯಲ್ಲಿ ಹೇಳಿದರು: “ನೀವು ಇವರಲ್ಲೊಬ್ಬ ಒಪ್ಕೊಂಡಿದ್ದಾನೆ ಅಂತೀರಿ, ಇರಬಹುದು. ಆದ್ರೆ ನಾನು ಈಗ್ಲೂ ಕಣ್ಮುಚ್ಚಿದ್ರೆ ಕೊಕ್ಕೆ ಹಿಂದೆ ಆ ಹಮಾಲಿ ಮುಖಾನೇ ಬರುತ್ತೆ. ಏನು ಮಾಡ್ಲಿ ಸಾರ್?”

ಬಡಗಿಯ ವಿಚಾರಣೆ 3.30ಕ್ಕೆ ಶುರುವಾಯಿತು. ರೈಟರ್ ಬರೆದುಕೊಳ್ಳುತ್ತಿದ್ದ.

“ಯಜಮಾನ್ರ ಪರಿಚಯ ಹೇಗೆ?”

“ಪರಿಚಯ ಇಲ್ಲ. ಹನ್ನೊಂದು ವರ್ಷದ ಹಿಂದೆ ಕೋರ್ಟಲ್ಲಿ ನೋಡಿದ್ದೆ. ಬಸ್ ಸ್ಟ್ಯಾಂಡಲ್ಲಿ ಒಬ್ಬನಿಗೆ ಚಾಕು ಹಾಕಿದ್ರು. ಅದಕ್ಕೆ ನಮ್ಮಣ್ಣನ್ನ ಹಿಡಿದ್ರು. ಕನ್ನಡಕದಂಗಡಿಯವರು ಮೊದಲನೇ ಸಾಕ್ಷಿ.”

“ಅಣ್ಣ ಈಗೆಲ್ಲಿ?”

“ಜೀವಾವಧಿ ಆಯ್ತು. ಆರನೇ ವರ್ಷ ಜೈಲಿನ ಆಸ್ಪತ್ರೇಲಿ ತೀರ್ಕೊಂಡ. ಎದೆ ಕಾಯಿಲೆ.”

“ಇಷ್ಟು ವರ್ಷ ಬಿಟ್ಟು ಈಗ ಯಾಕೆ?”

“ಗೋದಾಮಿನ ಕೆಲಸಕ್ಕೆ ಹೋಗೋವಾಗ ದಾರೀಲಿ ಆ ಅಂಗಡಿ ಸಿಕ್ತು. ಮೂರು ದಿನವೂ ಗಾಜಿನ ಆಚೆ ಅವರು ಕೂತಿರೋದು ಕಾಣ್ತಿತ್ತು. ಒಂದು ಮಾತು ಕೇಳಬೇಕು ಅನ್ನಿಸ್ತು. ಸುಮ್ನೆ ಕೇಳಿದ್ರೆ ಹೇಳ್ತಾರಾ? ಹೆದರಿಸೋಕೆ ಅಂತ ಕೊಕ್ಕೆ ಎತ್ಕೊಂಡೆ. ಹದಿನೈದು ದಿನ ಶೆಡ್ಡಲ್ಲೇ ಇತ್ತು. ಧೈರ್ಯ ಬರಲಿಲ್ಲ.”

“ಕನ್ನಡಕ ಯಾಕೆ ತೆಗೆದೆ?”

“ನಾನು ಅಣ್ಣನ ಹಾಗೇ ಇದ್ದೀನಿ ಅಂತಾರೆ ಸಾರ್ ಎಲ್ರೂ. ಅಣ್ಣ ಕನ್ನಡಕ ಹಾಕ್ತಿರಲಿಲ್ಲ.” ಅವನು ಮೇಜಿನ ಅಂಚನ್ನು ಹೆಬ್ಬೆರಳಿನಿಂದ ಉಜ್ಜುತ್ತಿದ್ದ, ನುಣುಪು ನೋಡುವವನ ಹಾಗೆ. “ನನ್ನ ಮುಖ ನೋಡಿ ಹೇಳಿ, ಆವತ್ತು ನೀವು ನೋಡಿದ್ದು ಈ ಮುಖಾನೇನಾ ಅಂತ ಕೇಳ್ದೆ. ಎರಡು ಸಲ ಕೇಳ್ದೆ. ಅವರು ಮೇಲೆ ನೋಡ್ಲೇ ಇಲ್ಲ ಸಾರ್. ಕೊಕ್ಕೇನೇ ನೋಡ್ತಾ ಕೂತಿದ್ರು. ಆಮೇಲೆ ನಂಗೆ ಏನಾಯ್ತೋ.”

ರೈಟರನ ಪೆನ್ನು ಒಂದು ಕ್ಷಣ ನಿಂತು ಮತ್ತೆ ಓಡಿತು.

“ನಿನ್ನ ಬದಲು ಇನ್ನೊಬ್ಬ ಒಳಗಿದ್ದಾನೆ ಅಂತ ಗೊತ್ತಿತ್ತಾ?”

“ಪೇಪರಲ್ಲಿ ಓದಿದೆ. ಮೂರು ಜನ ಗುರುತು ಹಿಡಿದ್ರು ಅಂತ ಇತ್ತು. ಹೇಗೆ ಹಿಡೀತಾರೆ ಸಾರ್? ಅವನು ಅಲ್ಲಿರಲೇ ಇಲ್ಲ.” ತಲೆಯೆತ್ತಿ ಮೊದಲ ಬಾರಿ ನೇರ ನೋಡಿದ. “ನಿಜ ಹೇಳ್ಬೇಕು ಅಂದ್ರೆ ಅಣ್ಣನ ಮೇಲೆ ನಂಗೂ ಒಂದು ಚೂರು ಅನುಮಾನ ಇತ್ತು. ಅಷ್ಟು ದೊಡ್ಡ ಮನುಷ್ಯ ಆಣೆ ಮಾಡಿ ಹೇಳ್ದ ಮೇಲೆ... ಜೈಲಿಗೆ ನೋಡೋಕೆ ಹೋದಾಗ್ಲೂ ನೀನೇನಾ ಮಾಡಿದ್ದು ಅಂತ ಅಣ್ಣನ್ನ ಕೇಳ್ತಿದ್ದೆ. ಕೊನೇ ಸಲಾನೂ ಕೇಳಿದ್ದೆ. ಆ ಪೇಪರ್ ಓದಿದ ದಿನ ಅನುಮಾನ ಹೋಯ್ತು.”

“ಆಗ್ಲಾದ್ರೂ ಬಂದು ಹೇಳಬಹುದಿತ್ತು. ಅವನ ಹೆಂಡತಿ ಮೂರು ದಿನದಿಂದ ಈ ಮೆಟ್ಟಿಲ ಮೇಲೆ ಕೂತಿದ್ದಾಳೆ.”

“ನಿನ್ನೆ ಬಂದಿದ್ದೆ ಸಾರ್. ಎದುರುಗಡೆ ಫುಟ್‌ಪಾತ್‌ವರೆಗೂ ಬಂದೆ. ಆಯಮ್ಮ ಕೂತಿದ್ದು ಕಾಣ್ತು. ನಮ್ಮತ್ತಿಗೆನೂ ಹೀಗೇ ಕೂತಿದ್ರು ಇಲ್ಲಿ. ಅಣ್ಣನಿಗೋಸ್ಕರ ಯಾರು ಬಂದ್ರು ಅನ್ನಿಸ್ತು. ವಾಪಸ್ ಹೋದೆ.”

ಶನಿವಾರ 11.15ಕ್ಕೆ ನ್ಯಾಯಾಲಯ ಗೂಳಿಯನ್ನು ಬಿಟ್ಟಿತು. ಬಡಗಿಯನ್ನು ಜೈಲಿಗೆ ಕಳಿಸಿತು. ಗೂಳಿ ಠಾಣೆಗೆ ಬಂದು ತನ್ನ ಬೆಲ್ಟು, ಚಪ್ಪಲಿ ಪಡೆದು ಸಹಿ ಹಾಕಿದ. ಐದು ದಿನದಲ್ಲಿ ಹೆಗಲು ಇಳಿದಿದ್ದವು.

“ಕೊಕ್ಕೆ, ಸಾರ್?”

“ಕೊಡೋಕಾಗಲ್ಲ. ಕೇಸು ಮುಗಿಯೋವರೆಗೂ ಕೋರ್ಟಲ್ಲೇ ಇರುತ್ತೆ.”

“ಹಂಗಾದ್ರೆ ಸೋಮವಾರ ಮೂಟೆ ಹೇಗೆ ಎತ್ಲಿ?”

ಅವನ ಹೆಂಡತಿ ಒಳಗಿದ್ದ ಎಲ್ಲರನ್ನೂ ಒಂದು ಸುತ್ತು ನೋಡಿದಳು. “ಹಿಡ್ಕೊಂಡು ಹೋಗೋಕೆ ಆರು ಜನ ಬಂದಿದ್ರಿ. ಮೂರೂ ಬೀದೀಲಿ ನಿಂತು ನೋಡಿದ್ರು ಜನ. ಈಗ ಬಿಡೋವಾಗ ಒಬ್ಬರಾದ್ರೂ ಜೊತೇಲಿ ಬನ್ನಿ. ಇವರು ಮಾಡಿಲ್ಲ ಅಂತ ಅವರೂ ನೋಡ್ಲಿ.”

ದಫೇದಾರ್ ಟೋಪಿ ತೆಗೆದುಕೊಂಡು ಎದ್ದ. ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ಗೂಳಿಯ ಪಕ್ಕದಲ್ಲಿ, ಬೀದಿಯ ನಡುವೆಯೇ ನಡೆದು ಹೋದ.

ಅವನು ಮರಳಿ ಬರುವ ಹೊತ್ತಿಗೆ ದಾಖಲೆ ಕೊಠಡಿಯಿಂದ ಹನ್ನೊಂದು ವರ್ಷದ ಹಿಂದಿನ ಕಡತ ಬಂದಿತ್ತು. ಇನ್ಸ್‌ಪೆಕ್ಟರ್ ಮೊದಲನೇ ಸಾಕ್ಷಿಯ ಹೇಳಿಕೆಯ ಮೇಲೆ ಬಗ್ಗಿದ್ದರು. ಚಾಕುವಿನ ಅಲಗು ಆರು ಇಂಚು, ಬುಡದಲ್ಲಿ ಹಿತ್ತಾಳೆಯ ಬಳೆ, ಹಿಡಿಗೆ ಸುತ್ತಿದ ಕಪ್ಪು ದಾರ, ದಾರದ ಒಂದು ತುದಿ ಬಿಚ್ಚಿಕೊಂಡು ನೇತಾಡುತ್ತಿತ್ತು. ಕೊನೆಯಲ್ಲಿ, ‘ಆ ವ್ಯಕ್ತಿಯನ್ನು ನೋಡಿದರೆ ಗುರುತಿಸಬಲ್ಲೆ.’ ಕೆಳಗೆ ಯಜಮಾನರ ಸಣ್ಣ ಅಕ್ಷರದ ಸಹಿ.

“ಸಾರ್,” ಎಂದ ದಫೇದಾರ್, ನಿಂತೇ ಓದಿಕೊಂಡು. “ಹಾಗಾದ್ರೆ ಅವನ ಅಣ್ಣ ನಿಜವಾಗ್ಲೂ ಮಾಡಿರಲಿಲ್ವಾ?”

ಇನ್ಸ್‌ಪೆಕ್ಟರ್ ಕಡತದ ದಾರ ಕಟ್ಟಿದರು.

“ಗೊತ್ತಿಲ್ಲ. ಅದನ್ನ ಹೇಳಬಹುದಾಗಿದ್ದೋರು ಒಬ್ಬರೇ. ಸೋಮವಾರ ಬೆಳಿಗ್ಗೆವರೆಗೂ ಮಾತಾಡ್ತಿದ್ರು.”